ಗ್ಯಾಪ್ ಇಡಬೇಕಾ ಸಾರ್?

ಫೆಂಡರ್ 6ಜಿ15ರ ನಕಲು ಮಾಡಲು ಹೊರಟವನು ಮೊದಲು ಕೈಹಾಕಿದ್ದು ಪೆಟ್ಟಿಗೆಗೆ. 1961ರಲ್ಲಿ ಈ ರಿವರ್ಬ್ ಯೂನಿಟ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದಕ್ಕೆ ಕಂದು ಹೊದಿಕೆಯಿತ್ತು. ಅದೇ ಬಣ್ಣದ ರೆಕ್ಸಿನ್‌ಗಾಗಿ ಕಾರಿನ ಸೀಟು ಹೊಲಿಯುವ ಅಂಗಡಿಗಳನ್ನೆಲ್ಲ ಸುತ್ತಿದೆ. ಕಂದು ನಾಬು, ಚರ್ಮದ ಹಿಡಿ ಸಿಕ್ಕವು. ಮಾಮೂಲಿ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವಾಗ, ಹಳೆಯದರಲ್ಲಿ ಇದ್ದದ್ದೇ ಬೇಕು ಎಂದು ಹಟ ಹಿಡಿದು ಹೊರದೇಶದಿಂದ ಕಾರ್ಬನ್ ಕಾಂಪೊಸಿಷನ್ ತರಿಸಿದೆ. ಅವು ದುಬಾರಿ, ಸಾಲದ್ದಕ್ಕೆ ಮೆಟಲ್ ಫಿಲ್ಮ್‌ಗಿಂತ ಹೆಚ್ಚು ‘ಸುಯ್’ ಎನ್ನುತ್ತವೆ. ಅದೂ ಗೊತ್ತಿದ್ದೇ ತರಿಸಿದ್ದು.

ಅರವತ್ತರ ದಶಕದ ಆರಂಭದ ಕ್ಯಾಲಿಫೋರ್ನಿಯಾದ ಸರ್ಫ್ ಗಿಟಾರನ್ನು ಕೇಳಿದವರಿಗೆ ಆ ನೀರು ತೊಟ್ಟಿಕ್ಕುವ ಸದ್ದು ನೆನಪಿರುತ್ತದೆ. ತಂತಿಯನ್ನು ಅಂಗೈಯಿಂದ ಅದುಮಿ ಮೀಟಿದರೆ ‘ಚಿಳುಕ್’ ಎನ್ನುತ್ತದಲ್ಲ, ಅದು. ಹುಟ್ಟುವುದು ಸುಮಾರು 17 ಇಂಚು ಉದ್ದದ ಒಂದು ತಗಡಿನ ತಟ್ಟೆಯಲ್ಲಿ, ಅದರೊಳಗೆ ಎಳೆದು ಕಟ್ಟಿದ ಸಪೂರ ಸ್ಪ್ರಿಂಗ್‌ಗಳಲ್ಲಿ. ಒಂದು ತುದಿಯ ಕಾಯಿಲ್‌ಗೆ ಗಿಟಾರಿನ ಸಿಗ್ನಲ್ ಕೊಟ್ಟರೆ ಅಲ್ಲಿರುವ ಪುಟ್ಟ ಅಯಸ್ಕಾಂತ ಸ್ಪ್ರಿಂಗನ್ನು ತಿರುಚುತ್ತದೆ. ಆ ತಿರುಚು ಇನ್ನೊಂದು ತುದಿ ಮುಟ್ಟಿ, ಅಲ್ಲಿಂದ ವಾಪಸಾಗಿ, ಮತ್ತೆ ಹೋಗಿ, ಹೀಗೇ ಓಡಾಡುತ್ತಾ ಕ್ಷೀಣಿಸುತ್ತದೆ. ಏರುದನಿ, ತಗ್ಗುದನಿ ಒಟ್ಟಿಗೆ ಬಂದು ತಲುಪುವುದಿಲ್ಲ. ಆ ಚಿಳುಕು ಅದರಿಂದಲೇ. ದೂರದ ಟೆಲಿಫೋನ್ ಕರೆಯಲ್ಲಾಗುವ ವಿಳಂಬವನ್ನು ಪ್ರಯೋಗಶಾಲೆಯಲ್ಲೇ ಉಂಟುಮಾಡಲು ಬೆಲ್ ಲ್ಯಾಬ್ಸ್‌ನವರು ಹೂಡಿದ್ದ ಉಪಾಯವಿದು. ಲಾರೆನ್ಸ್ ಹ್ಯಾಮಂಡ್ ಅದನ್ನು ತನ್ನ ಆರ್ಗನ್‌ಗೆ ತಂದುಕೊಂಡ. ಫೆಂಡರ್ ಹ್ಯಾಮಂಡ್‌ನಿಂದ ಈ ಸ್ಪ್ರಿಂಗ್ ತಟ್ಟೆಯನ್ನು, ಅಂದರೆ ‘ಟ್ಯಾಂಕ್’ ಅನ್ನು, ಕೊಂಡು, ಮೂರು ವಾಲ್ವ್ ಸೇರಿಸಿ, ಡ್ವೆಲ್, ಮಿಕ್ಸರ್, ಟೋನ್ ಎಂದು ಮೂರು ನಾಬು ಇಟ್ಟ. ಡ್ವೆಲ್ ಎಂದರೆ ಸ್ಪ್ರಿಂಗಿಗೆ ಎಷ್ಟು ಜೋರಾಗಿ ಹೊಡೆಯಬೇಕು ಎಂಬ ಲೆಕ್ಕ. ಸದ್ದಿನ ಜೀವವೆಲ್ಲ ಅಲ್ಲಿದೆ.

ಟ್ಯಾಂಕ್ ಮೇಲಿನ ಸಂಕೇತ ನನಗೆ ಬಾಯಿಪಾಠವಾಗಿತ್ತು: 4ಎಬಿ3ಸಿ1ಬಿ. ‘ಎ’ ಎಂದರೆ ಒಳಬದಿ 8 ಓಮ್, ‘ಬಿ’ ಎಂದರೆ ಹೊರಬದಿ 2250 ಓಮ್, 3 ಎಂದರೆ ದೀರ್ಘ ಅನುರಣನ, ‘ಸಿ’ ಎಂದರೆ ಯಾವ ಬದಿ ಅರ್ತ್ ಆಗಿರಬೇಕು ಎಂಬುದು. ಸರ್ಕ್ಯೂಟ್ ನಕ್ಷೆಯ ಪ್ರತಿ ರೆಸಿಸ್ಟರಿನ ಬೆಲೆಯನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲವನಾಗಿದ್ದೆ.

ಆ ಅಹಂಕಾರದಲ್ಲೇ, ವಾಲ್ವಿನ ಸಿಗ್ನಲ್ಲನ್ನು ಟ್ಯಾಂಕಿಗೆ ದಾಟಿಸುವ ಡ್ರೈವರ್ ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಹೋದದ್ದು. ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯಲ್ಲಿ ವೈಂಡಿಂಗ್ ಮಾಡುವ ಹಿರಿಯರೊಬ್ಬರಿದ್ದರು, ವಾಲ್ವ್ ರೇಡಿಯೊ ಕಾಲದವರು. ನಾನು ಕೊಟ್ಟ ಚೀಟಿಯನ್ನು ಕನ್ನಡಕ ಹಣೆಗೇರಿಸಿ ಓದಿದರು: ಪ್ರೈಮರಿ 7000 ಓಮ್, ಸೆಕೆಂಡರಿ 8 ಓಮ್.

“ಸಿಂಗಲ್ ವಾಲ್ವಾ, ಪುಶ್‌ಪುಲ್ಲಾ ಸಾರ್? ಗ್ಯಾಪ್ ಇಡಬೇಕಾ?”

ನನ್ನ ನಕ್ಷೆಯಲ್ಲಿ ಗ್ಯಾಪ್ ಎಂಬುದೇ ಇರಲಿಲ್ಲ. ಎರಡು ಸುರುಳಿ, ನಡುವೆ ಎರಡು ಗೆರೆ, ಅಷ್ಟೇ. “ಅದೇನೂ ಬೇಡ ಯಜಮಾನ್ರೇ, ಚೀಟೀಲಿ ಇರೋ ಹಾಗೆ ಸುತ್ತಿ” ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು, ಚೀಟಿಯನ್ನು ಮೊಳೆಗೆ ಚುಚ್ಚಿದರು. ಗಿರಾಕಿ ಹೇಳಿದ ಮೇಲೆ ಮುಗಿಯಿತು.

ಎಲ್ಲ ಜೋಡಿಸಿ ಸ್ವಿಚ್ ಒತ್ತಿದಾಗ ವಾಲ್ವ್‌ಗಳೇನೋ ಕೆಂಪಗೆ ಹೊತ್ತಿಕೊಂಡವು. ಗಿಟಾರ್ ಮೀಟಿದರೆ ರಿವರ್ಬ್ ಇತ್ತು, ಪಕ್ಕದ ಮನೆಯಲ್ಲಿ ಇದ್ದಂತೆ. ಡ್ವೆಲ್ ಪೂರ್ತಿ ತಿರುಗಿಸಿದರೆ ಸದ್ದು ಒಡೆಯಿತು, ಹೆಚ್ಚಲಿಲ್ಲ. ಮಿಕ್ಸರ್ ಏರಿಸಿದರೆ ಹಮ್ ಎದ್ದು ಬಂತು. ಒಂದೇ ಸಮನೆ ಗುಂಯ್.

ಇಲ್ಲಿಂದ ಮುಂದೆ ನಾನು ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ. ಹಮ್ ಎಂದರೆ ಪವರ್ ಸಪ್ಲೈ ದೋಷ ಎಂದು ತೀರ್ಮಾನಿಸಿ ಫಿಲ್ಟರ್ ಕಂಡೆನ್ಸರ್ ಬದಲಿಸಿದೆ. ಆಮೇಲೆ ಅದಕ್ಕಿಂತ ದೊಡ್ಡದು ಹಾಕಿದೆ. ಅರ್ತ್ ವೈರುಗಳನ್ನೆಲ್ಲ ಬಿಚ್ಚಿ ಒಂದೇ ಕಡೆ ತಂದೆ. ವಾಲ್ವ್ ಬದಲಿಸಿದೆ, ಶೀಲ್ಡೆಡ್ ವೈರ್ ಎಳೆದೆ, ಕೊನೆಗೆ ಮನೆಯ ವೈರಿಂಗನ್ನೇ ಬೈದೆ. ಸುಮಾರು 300 ವೋಲ್ಟ್ ತುಂಬಿಕೊಂಡಿದ್ದ ಕಂಡೆನ್ಸರನ್ನು ಖಾಲಿ ಮಾಡದೆ ಒಮ್ಮೆ ಕೈಯಿಟ್ಟು ಕುರ್ಚಿಯಿಂದ ಕೆಳಗೆ ಬಿದ್ದದ್ದೂ ಇದೇ ಅವಧಿಯಲ್ಲಿ. (ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.)

ಈ ಗಂಟು ಬಿಡಿಸಿದ್ದು ಗೆಳೆಯನ ಆಸಿಲೋಸ್ಕೋಪ್. ಅವನು ಬಂದವನೇ ಪರದೆ ತೋರಿಸಿ ಕೇಳಿದ: “ಇದು ಐವತ್ತೋ ನೂರೋ, ನೀನೇ ನೋಡಪ್ಪ.” ನಮ್ಮ ಮೇನ್ಸ್ 50 ಹರ್ಟ್ಸ್. ಫುಲ್ ವೇವ್ ರೆಕ್ಟಿಫೈಯರ್ ದಾಟಿ ಬರುವ ಗುಂಯ್ 100 ಹರ್ಟ್ಸ್ ಇರಬೇಕು. ನನ್ನದು ಚೊಕ್ಕ ಐವತ್ತು. ಅಂದರೆ ಕಂಡೆನ್ಸರುಗಳ ಪಾಪವೇನೂ ಇರಲಿಲ್ಲ. ಟ್ಯಾಂಕಿನ ಹೊರಬದಿಯ ಕಾಯಿಲ್ ಪವರ್ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲೇ ಕೂತು ಅದರ ಕಾಂತಕ್ಷೇತ್ರವನ್ನು ಹೀರಿಕೊಳ್ಳುತ್ತಿತ್ತು. ಟ್ಯಾಂಕನ್ನು ಕೈಯಲ್ಲೇ ಹಿಂದುಮುಂದು ತಿರುಗಿಸಿ ಹಿಡಿದೆ. ಗುಂಯ್ ಮುಕ್ಕಾಲು ಪಾಲು ಅಡಗಿತು.

ಆದರೆ ಹಮ್ ಅಷ್ಟು ದೊಡ್ಡದಾಗಿ ಕೇಳಿದ್ದೇಕೆ? ಸ್ಪ್ರಿಂಗಿನಿಂದ ಬರಬೇಕಾದದ್ದೇ ಬರುತ್ತಿರಲಿಲ್ಲ. 1000 ಹರ್ಟ್ಸ್ ಸಿಗ್ನಲ್ ಕೊಟ್ಟಾಗ ಡ್ರೈವರ್ ಟ್ರಾನ್ಸ್‌ಫಾರ್ಮರಿನಾಚೆ ಅಲೆ ನೆಟ್ಟಗಿತ್ತು. 200ಕ್ಕೆ ಇಳಿಸಿದಾಗ ಒಂದು ಮಗ್ಗುಲು ಮಾತ್ರ ಚಪ್ಪಟೆಯಾಯಿತು. ಪುಶ್‌ಪುಲ್‌ನಲ್ಲಿ ಎರಡು ವಾಲ್ವ್‌ಗಳ ನೇರ ವಿದ್ಯುತ್ ಎದುರುಬದುರಾಗಿ ಹರಿದು ಕೋರ್‌ನಲ್ಲಿ ಒಂದನ್ನೊಂದು ಕಳೆಯುತ್ತದೆ. 6ಜಿ15ರಲ್ಲಿ ಇರುವುದು ಒಂಟಿ 6ಕೆ6. ಅದರ ಸುಮಾರು 30 ಮಿಲಿಆಂಪ್ ಸದಾ ಒಂದೇ ದಿಕ್ಕಿಗೆ ಹರಿದು ಕಬ್ಬಿಣದ ಕೋರನ್ನು ಅರ್ಧ ತುಂಬಿಸಿಬಿಟ್ಟಿರುತ್ತದೆ. ಅದರ ಮೇಲೆ ಗಿಟಾರಿನ ಸಿಗ್ನಲ್ ಬಂದರೆ ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಇದಕ್ಕೆಂದೇ ಸಿಂಗಲ್ ವಾಲ್ವ್ ಟ್ರಾನ್ಸ್‌ಫಾರ್ಮರಿನಲ್ಲಿ ‘ಇ’ ಸ್ಟ್ಯಾಂಪಿಂಗ್‌ಗಳನ್ನೆಲ್ಲ ಒಂದು ಕಡೆ, ‘ಐ’ಗಳನ್ನೆಲ್ಲ ಇನ್ನೊಂದು ಕಡೆ ಪೇರಿಸಿ ನಡುವೆ ತೆಳು ಕಾಗದ ಇಡುತ್ತಾರೆ. ನನ್ನದರಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿದ್ದವು.

ಮತ್ತೆ ಅದೇ ಗಲ್ಲಿಗೆ ಹೋದೆ. ಯಜಮಾನರು ಟ್ರಾನ್ಸ್‌ಫಾರ್ಮರನ್ನು ಕೈಗೆ ತೆಗೆದುಕೊಳ್ಳುವ ಮೊದಲೇ “ಗ್ಯಾಪ್ ಬೇಕಾಯ್ತಾ?” ಎಂದರು. ಅವರ ಕಾಲದ ಮನೆ ಮನೆಯ ವಾಲ್ವ್ ರೇಡಿಯೊಗಳಲ್ಲಿ ಸ್ಪೀಕರನ್ನು ನಡೆಸುತ್ತಿದ್ದದ್ದು ಒಂಟಿ ವಾಲ್ವೇ. ಜಾಲಹಳ್ಳಿಯ ಬಿಇಎಲ್ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆ ಶುರು ಮಾಡಿದ್ದೂ 1961ರಲ್ಲೇ, 6ಜಿ15 ಬಂದ ವರ್ಷ. ನಾನು ಕ್ಯಾಲಿಫೋರ್ನಿಯಾದ ನಕ್ಷೆಯಲ್ಲಿ ಹುಡುಕಿದ್ದು ಅವರ ಕೈಯಲ್ಲಿತ್ತು. ವಾರ್ನಿಷ್ ಗಟ್ಟಿಯಾಗಿದ್ದರಿಂದ ಸ್ಟ್ಯಾಂಪಿಂಗ್ ಬಿಚ್ಚಲಾಗದೆ ಹೊಸದನ್ನೇ ಸುತ್ತಿದರು. ಕಾಗದದ ಪಟ್ಟಿಯನ್ನು ಉಗುರಿನಿಂದ ನೀವಿ, ಕ್ಲ್ಯಾಂಪ್ ಬಿಗಿದು, ಮತ್ತೆ ಸಡಿಲಿಸಿ, ಮೀಟರಿನಲ್ಲಿ ಇಂಡಕ್ಟನ್ಸ್ ನೋಡಿ ಇನ್ನೊಂದು ಪದರ ಸೇರಿಸಿದರು. ಈ ಸಲ ನಾನು ಚೀಟಿ ಒಯ್ದಿರಲಿಲ್ಲ.

ಈಗ ಡ್ವೆಲ್ ಅರ್ಧಕ್ಕೆ ಇಟ್ಟರೆ ಸಾಕು, ಚಿಳುಕು ಎದ್ದು ಕೇಳುತ್ತದೆ. ಸಿಗ್ನಲ್ ಹಾದಿಯ ಮುಖ್ಯ ಕಡೆಗಳಲ್ಲಿ ಕಾರ್ಬನ್ ತೆಗೆದು ಮೆಟಲ್ ಫಿಲ್ಮ್ ಹಾಕಿದ್ದೇನೆ, 6ಕೆ6 ಜಾಗದಲ್ಲಿ ಸುಲಭವಾಗಿ ಸಿಗುವ 6ವಿ6 ಕೂತಿದೆ. ನಕಲು ಎನ್ನುವ ಹಾಗಿಲ್ಲ. ಆಂಪ್ಲಿಫೈಯರ್ ಮೇಲೆ ಇಟ್ಟು ವಾಲ್ಯೂಮ್ ಏರಿಸಿದರೆ ಸ್ಪೀಕರಿನ ನಡುಕಕ್ಕೆ ಸ್ಪ್ರಿಂಗ್ ಕುಣಿದು ಊಳಿಡುತ್ತದೆ, ಹಾಗಾಗಿ ಬೇರೆ ಸ್ಟೂಲಿನ ಮೇಲೆ ಇಟ್ಟುಕೊಳ್ಳಬೇಕು. ಆ ಒಂದು ಚಾಳಿ ಮಾತ್ರ ಅಸಲಿಯದ್ದೇ.