ಕೀಲಿ ಮತ್ತು ಕೀಲಿಕೈ

ಉಮರ್ಗಾ, ನಿಲಂಗಾ, ಉದಗೀರ ನ್ಯಾಯಾಲಯಗಳಲ್ಲಿ ಹದಿನೆಂಟು ವರ್ಷಗಳಿಂದ ವಕೀಲಿ ಮಾಡಿಕೊಂಡಿರುವ ನಾನು ನಲವತ್ತನಾಲ್ಕರ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾದುದಕ್ಕೆ ಒಂದು ಸೋಲು ಕಾರಣ. ಕೈಗಡ ಕೊಟ್ಟು ಕಳೆದುಕೊಂಡ ರೈತರೊಬ್ಬರ ಬಳಿ, ಸಾಲಗಾರನು ಸಾಲವನ್ನು ಒಪ್ಪಿಕೊಂಡ ವಾಟ್ಸಪ್ ಸಂದೇಶಗಳಿದ್ದವು. ಅವುಗಳ ಮುದ್ರಿತ ಪ್ರತಿಗಳನ್ನು ಹಾಜರುಪಡಿಸಿದೆ. ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರವನ್ನು ಜೋಡಿಸಲಿಲ್ಲ. ಅಷ್ಟರಲ್ಲಿ ಅವರ ಮೊಬೈಲೂ ಕೆಟ್ಟಿತ್ತು. ಪ್ರತಿಗಳು ತಿರಸ್ಕೃತವಾದವು.

"ಸಾಹೇಬ್ರ, ಅಂವನೇ ಬರದಾನಲ್ರಿ, ಮತ್ತ ಯಾಕ ನಡೆಯಂಗಿಲ್ಲ?" ಎಂದು ಅವರು ಕೇಳಿದರು. ನಾನು ಕಲಮಿನ ಸಂಖ್ಯೆಯನ್ನು ಹೇಳಿದೆನೇ ಹೊರತು ಕಾರಣವನ್ನು ಹೇಳಲಾಗಲಿಲ್ಲ. ಮೂಲ ಉಪಕರಣವನ್ನೇ ತಂದು ರುಜುವಾತುಪಡಿಸದಿದ್ದರೆ ಈ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈ 14ರಂದು ಹೇಳಿದ್ದು ನಮ್ಮ ಮರಾಠವಾಡದ್ದೇ ಪ್ರಕರಣದಲ್ಲಿ: ಜಾಲನಾದ 2014ರ ವಿಧಾನಸಭಾ ಚುನಾವಣೆಯ ನಾಮಪತ್ರಗಳ ವಿಡಿಯೊ ಕುರಿತ ಖೋತಕರ ಪ್ರಕರಣ. ಆ ತೀರ್ಪನ್ನು ನಾನು ಓದಿದ್ದೆ. ಓದಿಯೂ ಎಚ್ಚರಗೊಂಡಿರಲಿಲ್ಲ.

ಹಾಗಾಗಿ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಗುಪ್ತಲಿಪಿ ಮತ್ತು ಜಾಲಭದ್ರತೆಯ ಪಾಠಕ್ಕೆ ಹೆಸರು ನೋಂದಾಯಿಸಿದೆ. ಪಾಠ ಕೇಳಲು ಶುಲ್ಕವಿಲ್ಲ. ಪರೀಕ್ಷೆಗೆ ಮಾತ್ರ ಹಣ ಕಟ್ಟಿ ಕೇಂದ್ರಕ್ಕೆ ಹೋಗಿ ಬರೆಯಬೇಕು. ಹಗಲು ಮರಾಠಿಯ ವಾದ, ರಾತ್ರಿ ಇಂಗ್ಲಿಷಿನ ಪಾಠ, ಟಿಪ್ಪಣಿ ಮಾತ್ರ ಕನ್ನಡದಲ್ಲಿ. ಹತ್ತನೆಯ ತರಗತಿಯಲ್ಲಿ ಬಿಟ್ಟ ಗಣಿತ ಮೊದಲೆರಡು ವಾರ ನನ್ನನ್ನು ಚೆನ್ನಾಗಿಯೇ ದಂಡಿಸಿತು. ಸಾರ್ವಜನಿಕ ಕೀಲಿಯ ವಿಚಾರ ಬಂದಾಗ ಮಾತ್ರ ನಮ್ಮ ಗಡಿಯ ಮಾತು ಕೈಹಿಡಿಯಿತು. ನಮ್ಮಲ್ಲಿ ಕೀಲಿ ಎಂದರೆ ಬೀಗ, ಅದನ್ನು ತೆರೆಯುವುದು ಕೀಲಿಕೈ. ಎಲ್ಲರಿಗೂ ಹಂಚುವುದು ಕೀಲಿ. ಯಾರು ಬೇಕಾದರೂ ಅದನ್ನು ಹಾಕಬಹುದು. ಕೀಲಿಕೈ ಒಡೆಯನಲ್ಲಿಯೇ ಉಳಿಯುತ್ತದೆ.

ನನಗೆ ಬೇಕಾಗಿದ್ದ ಉತ್ತರ ಸಿಕ್ಕಿದ್ದು 'ಹ್ಯಾಶ್' ಪಾಠದಲ್ಲಿ. ಕಡತ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ವಿಧಾನ ಅದಕ್ಕೆ 64 ಅಂಕಿ-ಅಕ್ಷರಗಳ ಒಂದು ಹೆಬ್ಬೆಟ್ಟನ್ನು ಒತ್ತುತ್ತದೆ. ಸಾತ್‌ಬಾರಾ ಉತಾರೆಯಲ್ಲಿ ಅಂಕಿ ತಿದ್ದಿದರೆ ಮಸಿಯ ಗುರುತಾದರೂ ಕಾಣುತ್ತದೆ. ಮೊಬೈಲಿನ ಬರಹವನ್ನು ತಿದ್ದಿದರೆ ಕಣ್ಣಿಗೆ ಏನೂ ಕಾಣದು. ಆದರೆ ಒಂದು ಸೊನ್ನೆ ಕೂಡಿದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಬರೆದವನು ಯಾರೆಂಬುದನ್ನು ಹ್ಯಾಶ್ ಹೇಳಲಾರದು. ಹೆಬ್ಬೆಟ್ಟು ತೆಗೆದ ಮೇಲೆ ಕಡತ ಬದಲಾಗಿಲ್ಲವೆಂಬುದನ್ನಷ್ಟೇ ಹೇಳುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಅನ್ನು ನಮೂದಿಸಬೇಕು. ಅದರ 'ಎ' ಭಾಗ ಪಕ್ಷಗಾರನದು, 'ಬಿ' ಭಾಗ ತಜ್ಞನದು. ತಾಲೂಕಿನಲ್ಲಿ ತಜ್ಞನೆಲ್ಲಿ? ಕಲಿತ ನಾನೇ ಸಹಿ ಹಾಕೋಣವೆಂದರೆ, ತಾನೇ ಸಾಕ್ಷಿಯಾಗಬೇಕಾದ ಪ್ರಕರಣದಲ್ಲಿ ವಕೀಲನು ವಾದಿಸಕೂಡದೆಂಬುದು ಬಾರ್ ಕೌನ್ಸಿಲ್ಲಿನ ನಿಯಮ. ಸದ್ಯಕ್ಕೆ ವಕಾಲತ್ತಿಗೆ ಸಹಿ ಪಡೆಯುವ ಮೊದಲೇ, ಮೊಬೈಲನ್ನು ಮಾರಬೇಡಿ, ಸಂದೇಶಗಳನ್ನು ಅಳಿಸಬೇಡಿ ಎಂದು ಹೇಳುತ್ತೇನೆ.

ಹೋದ ತಿಂಗಳು ಸಂತೆಯಲ್ಲಿ ಆ ರೈತರು ಸಿಕ್ಕರು. ಚಹದಂಗಡಿಯಲ್ಲಿ ಕೂತು ಕಾರಣವನ್ನು ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು.

"ಇದನ್ನ ಆವಾಗ ಹೇಳಬೇಕಾಗಿತ್ತಲ್ರಿ, ಸಾಹೇಬ್ರ" ಎಂದರು.