ಸುಲೇಪೇಟದ ದಾರಿಯಲ್ಲಿ ಸರಸ್ವತೀ ಭಂಡಾರಿಗರ ನೆನಪು

ಬಂಧುಗಳ ಮನೆಯ ಗೃಹಪ್ರವೇಶಕ್ಕೆಂದು ಕರೆಯೋಲೆ ಬಂದ ನಿಮಿತ್ತ, ಕಳೆದ ಮಾಘಮಾಸದಲ್ಲಿ ನಾವು ಚಿಂಚೋಳಿ ತಾಲೂಕಿನ ಸುಲೇಪೇಟಕ್ಕೆ ಹೋಗಿಬರುವ ಪ್ರಸಂಗ ಒದಗಿತು. ಹಳೆಯ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ಹೊಸದನ್ನು ಕಟ್ಟಿಸಿದ್ದರು. ಕರೆಯೋಲೆಯ ಕೆಳಗೆ ಮನೆಯ ಹಿರಿಯರು ಕೈಬರಹದಲ್ಲಿ ಒಂದು ಸಾಲನ್ನು ಸೇರಿಸಿದ್ದರು. ಹಳೆಯ ಮನೆಯ ಅಟ್ಟದಿಂದ ಇಳಿಸಿದ ಸಾಮಾನುಗಳನ್ನು ಏನು ಮಾಡಬೇಕೆಂದು ತಿಳಿಯದಾಗಿದೆ, ತಾವು ಬಂದು ನೋಡಿ ಒಂದು ಮಾತು ಹೇಳಬೇಕು ಎಂದಿತ್ತು. ಗೃಹಪ್ರವೇಶಕ್ಕಿಂತ ಹೆಚ್ಚಾಗಿ ಆ ಸಾಲೇ ನಮ್ಮನ್ನು ಎಳೆದೊಯ್ದಿತೆಂದರೆ ತಪ್ಪಲ್ಲ.

ಬೆಳಗಿನ ಜಾವ ವಾಡಿ ಜಂಕ್ಷನ್ನಿನಲ್ಲಿ ಇಳಿದೆವು. ಮುಂಬಯಿಯಿಂದ ರಾಯಚೂರಿನತ್ತ ಹೋಗುವ ಹಾದಿಗೆ ಸಿಕಂದರಾಬಾದಿನ ಹಾದಿ ಬಂದು ಕೂಡುವುದು ಇಲ್ಲಿಯೇ. ನಿಜಾಮ ಸಂಸ್ಥಾನದ ಈ ಕವಲುಹಾದಿ 1874ರಲ್ಲಿ ತೆರೆಯಿತು. ನಿಲ್ದಾಣದಿಂದ ಹೊರಬಂದರೆ ಸಿಮೆಂಟಿನ ಧೂಳು, ಕಲ್ಲುಗಣಿಗಳು, ಲಾರಿಗಳ ಸಾಲು. ನೆರೆಯ ಶಹಾಬಾದಿನ ಹೆಸರು ಹೊತ್ತ ಫರಸಿಕಲ್ಲು ಹಾಸದ ಮನೆ ಈ ಸೀಮೆಯಲ್ಲಿ ವಿರಳ. ಬೇರೆ ಊರುಗಳಲ್ಲಿ ನೆಲಕ್ಕೆ ಮಾತ್ರ ಬಳಸುವ ಈ ಕಲ್ಲನ್ನು ಇಲ್ಲಿ ಗೋಡೆಗೆ, ಮಾಳಿಗೆಗೆ, ಹೊಲದ ಬದುವಿಗೆ, ದನದ ಗೋದಲಿಗೆ ಎಲ್ಲಕ್ಕೂ ಬಳಸುವರು. ಕಲ್ಲು ಇಷ್ಟು ಸುಲಭವಾಗಿ ದೊರೆಯುವ ನಾಡಿನಲ್ಲಿ ಅಕ್ಷರವಿರುವ ಕಲ್ಲಿಗೂ ಅಕ್ಷರವಿಲ್ಲದ ಕಲ್ಲಿಗೂ ಭೇದ ಮಾಡದೆ ಇದ್ದುದು ಆಶ್ಚರ್ಯವೇನಲ್ಲ.

ಆ ಮಾತಿಗೆ ಸಾಕ್ಷಿಯಾದ ಊರು ಇದೇ ಸೀಮೆಯಲ್ಲಿದೆ. ಭೀಮಾನದಿಯ ದಂಡೆಯ ಸನ್ನತಿಗೆ ನಾವು ಹಿಂದೊಮ್ಮೆ ಹೋಗಿದ್ದೆವು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದುಬಿದ್ದಿತು. ಕಲ್ಲುಮಣ್ಣು ತೆಗೆದಾಗ ವಿಗ್ರಹಕ್ಕೆ ಪೀಠವಾಗಿದ್ದ ಬಂಡೆಯ ಎರಡೂ ಮಗ್ಗುಲಲ್ಲಿ ಬ್ರಾಹ್ಮೀ ಲಿಪಿಯ ಅಕ್ಷರಗಳು ಕಂಡವು. ಅವು ಸಾಮ್ರಾಟ ಅಶೋಕನ ಧರ್ಮಶಾಸನಗಳು. ವಿಗ್ರಹವನ್ನು ನಿಲ್ಲಿಸಲು ಯಾರೋ ಎಂದೋ ಬಂಡೆಯ ನಡುವೆ ಕಂಡಿ ಕೊರೆದಿದ್ದರಿಂದ ಅಷ್ಟು ಅಕ್ಷರಗಳು ಶಾಶ್ವತವಾಗಿ ಹೋದವು. ಹತ್ತಿರದ ಕನಗನಹಳ್ಳಿಯಲ್ಲಿ ತೊಂಬತ್ತರ ದಶಕದಲ್ಲಿ ನಡೆದ ಉತ್ಖನನದಲ್ಲಿ ಬೌದ್ಧಸ್ತೂಪವೂ, ಅರಸನೊಬ್ಬನ ಶಿಲ್ಪದೊಡನೆ ‘ರಾಯೋ ಅಸೋಕೋ’ ಎಂಬ ಬರಹವೂ ದೊರೆತವು. ಇಷ್ಟು ದೊಡ್ಡ ನಿಧಿ ಕೈಗೆ ಬಂದ ಮೇಲೂ ಅಲ್ಲಿನ ಕೆತ್ತನೆಯ ಹಾಸುಗಲ್ಲುಗಳು ವರ್ಷಾನುಗಟ್ಟಲೆ ತಕ್ಕ ಆಸರೆಗಾಗಿ ಕಾದಿದ್ದವು. ಸಿಗುವುದು ಒಂದು ಭಾಗ್ಯ, ಸಿಕ್ಕಿದ್ದನ್ನು ಇಟ್ಟುಕೊಳ್ಳುವುದು ಬೇರೆಯೇ ಭಾಗ್ಯವೆಂದು ಅಂದು ನಮಗೆ ಅನಿಸಿತ್ತು.

ವಾಡಿಯಿಂದ ಚಿತ್ತಾಪುರಕ್ಕೆ ಬಂದು, ಊರ ಹೊರಗಿನ ನಾಗಾವಿಗೆ ಹೋದೆವು. ಯಲ್ಲಮ್ಮನ ದರ್ಶನಕ್ಕೆ ಬರುವ ಭಕ್ತರು ಇಂದಿಗೂ ಅನೇಕ. ಅವರಲ್ಲಿ ಬಹುಪಾಲು ಜನ ಅರವತ್ತು ಕಂಬದ ಗುಡಿಯತ್ತ ಹೊರಳಿಯೂ ನೋಡದೆ ಹಿಂದಿರುಗುವರು. ನಮ್ಮ ಜೊತೆಗಿದ್ದ ಮಕ್ಕಳು ಮಾತ್ರ ಕಂಬಗಳನ್ನು ಎಣಿಸಲು ಓಡಿದರು. ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿ ಜಗಳಕ್ಕೆ ನಿಂತಿತು.

ಈ ನಾಗಾವಿ ಒಂದು ಕಾಲಕ್ಕೆ ಘಟಿಕಾಸ್ಥಾನ. ಇಂದಿನ ಮಾತಿನಲ್ಲಿ ಹೇಳುವುದಾದರೆ ವಸತಿಸಹಿತವಾದ ಮಹಾವಿದ್ಯಾಲಯ. ಕಲ್ಯಾಣದ ಚಾಲುಕ್ಯರ ಕಾಲದ, 1058ರ ಇಲ್ಲಿನ ಶಾಸನವು ಮಧುಸೂದನನೆಂಬ ದಂಡನಾಯಕನು ನಡೆಸಿದ ಧರ್ಮಕಾರ್ಯವನ್ನು ವಿವರವಾಗಿ ಹೇಳುತ್ತದೆ. ವೇದ ಓದುವ 200 ಮಂದಿ, ಶಾಸ್ತ್ರ ಓದುವ 52 ಮಂದಿ ವಿದ್ಯಾರ್ಥಿಗಳಿಗೆ ಅಲ್ಲಿ ವ್ಯವಸ್ಥೆಯಾಗಿತ್ತು. ಅಧ್ಯಾಪಕರ ಜೊತೆಯಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಭಂಡಾರಿಗರೆಂದರೆ ಗ್ರಂಥಗಳನ್ನು ಕಾಯುವವರು. ಒಬ್ಬರಲ್ಲ, ಇಬ್ಬರಲ್ಲ, ಆರು ಮಂದಿ! ಓಲೆಗರಿಗಳನ್ನು ಬಿಚ್ಚಿ ಕಟ್ಟುವುದು, ಹುಳುಹುಪ್ಪಟೆಗಳಿಂದ ಕಾಪಾಡುವುದು, ಹಳತಾದುದನ್ನು ಹೊಸ ಗರಿಗೆ ಇಳಿಸುವುದು ಸಣ್ಣ ಕೆಲಸವಲ್ಲವಷ್ಟೆ. ಅದಕ್ಕೆ ಆಳು ಬೇಕು, ಆಳಿಗೆ ಜೀವನಾಧಾರ ಬೇಕು ಎಂಬುದನ್ನು ಕೊಟ್ಟವರು ಬಲ್ಲವರಾಗಿದ್ದರು. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ 1928ರಲ್ಲಿ ನಾಗಾವಿಯ ಶಾಸನಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿತು. ಆ ಪುಸ್ತಕದ ಒಂದು ಪ್ರತಿಯಾದರೂ ಈ ಸೀಮೆಯ ಶಾಲೆಗಳಲ್ಲಿ ಇದ್ದಿದ್ದರೆ ಮಕ್ಕಳು ಕಂಬ ಎಣಿಸುವುದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕಲಿಯುತ್ತಿದ್ದರು.

ಅಲ್ಲಿಂದ ಮಳಖೇಡ. ಕಾಗಿಣಾ ನದಿಯ ದಂಡೆಯ ಆ ಕೋಟೆಯನ್ನು ಕುರಿತು, ಅಮೋಘವರ್ಷ ನೃಪತುಂಗನನ್ನು ಕುರಿತು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹೊತ್ತಾದ್ದರಿಂದ ಕೋಟೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆವು.

ಸೇಡಂನಲ್ಲಿ ಊಟಕ್ಕೆ ನಿಂತಾಗ ಅಲ್ಲಿನ ನಿವೃತ್ತ ಶಿಕ್ಷಕರೊಬ್ಬರು ನಮ್ಮನ್ನು ಕೂಡಿಕೊಂಡರು. ಅವರಿಗೂ ಅದೇ ಮನೆಯ ಕರೆಯೋಲೆ ಹೋಗಿತ್ತು. ದಾರಿಯುದ್ದಕ್ಕೂ ಅವರು ಸೇಡಂನ ಶಾಸನಗಳ ಸಂಗತಿ ಹೇಳುತ್ತ ಬಂದರು. ಶಾಸನಗಳಲ್ಲಿ ಈ ಊರಿನ ಹೆಸರು ಸೇಡಿಂಬ. ಊರಾಡಳಿತ ನಡೆಸುತ್ತಿದ್ದವರು ಮುನ್ನೂರು ಮಹಾಜನರು. ವೇದಾಧ್ಯಯನದ ಆ ಮಹಾಜನರೇ 12ನೆಯ ಶತಮಾನದಲ್ಲಿ ಶಾಂತಿನಾಥನ ಬಸದಿಯನ್ನು ಮಾಡಿಸಿದ ಸಂಗತಿ ಅಲ್ಲಿನ ಕಲ್ಲಿನಲ್ಲಿದೆ. ಮತ ಬೇರೆ, ಊರ ಹಿತ ಬೇರೆ ಎಂದು ಆ ಮುನ್ನೂರು ಮಂದಿ ಒಂದು ದಿನ ಕುಳಿತು ತೂಗಿನೋಡಿರಲೇಬೇಕು. ಅಂದಿನ ಸಭೆಯಲ್ಲಿ ಎದ್ದುನಿಂತು ‘ಕೆರೆಯ ಕಟ್ಟೆ ಒಡೆದಿದೆ, ಮೊದಲು ಅದನ್ನು ನೋಡಿರಿ’ ಎಂದವರೂ ಇದ್ದಿರಬಹುದೆಂದು ಶಿಕ್ಷಕರು ನಕ್ಕರು. ಆ ನಗೆಯ ಅರ್ಥ ನಮಗೆ ಸಾಯಂಕಾಲ ತಿಳಿಯಿತು.

ಸುಲೇಪೇಟ ಸೇರಿದಾಗ ಹೊತ್ತು ಇಳಿಮುಖವಾಗಿತ್ತು. ತೊಗರಿಯ ರಾಶಿ ಮುಗಿದ ಹೊಲಗಳು, ಊರೊಳಗೆ ಫರಸಿಯ ಹಳೆಯ ಗೋಡೆಗಳ ನಡುವೆ ತಲೆಯೆತ್ತಿದ ಸಿಮೆಂಟಿನ ಮನೆಗಳು. ನಮ್ಮ ಬಂಧುಗಳ ಹೊಸ ಮನೆಯೂ ಚೆನ್ನಾಗಿಯೇ ಇತ್ತು. ಆದರೆ ಅದರ ಹಿಂದಿನ ದನದ ಕೊಟ್ಟಿಗೆಯಲ್ಲಿ ಹಳೆಯ ಮನೆ ಗುಂಪಾಗಿ ಬಿದ್ದಿತ್ತು. ಕೆತ್ತನೆಯ ಬಾಗಿಲು ಚೌಕಟ್ಟು, ಸೇರು, ಪಾವು, ಚಟಾಕುಗಳ ಅಳತೆಪಾತ್ರೆಗಳು, ಕೂರಿಗೆಯ ಬಟ್ಟಲು, ಬೀಸುವ ಕಲ್ಲು, ತೊಟ್ಟಿಲ ಸರಪಳಿ, ನಿಜಾಮರ ಮೊಹರಿನ ಉರ್ದು ಕಾಗದಗಳ ಒಂದು ಕಟ್ಟು. ಇವೆಲ್ಲಕ್ಕೂ ಕೆಳಗೆ, ಗೋಣಿಚೀಲದಲ್ಲಿ ಸುತ್ತಿಟ್ಟ ಒಂದು ತಾಳೆಗರಿಯ ಕಟ್ಟು. ಅಂಚುಗಳನ್ನು ಹುಳು ತಿಂದಿತ್ತು. ನಡುವಿನ ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು.

ಆ ರಾತ್ರಿ ಪ್ರಸಾದವಾದ ಮೇಲೆ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕೂಡಿದರು. ಊರಿನಲ್ಲಿ ಇಂಥ ವಸ್ತುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ, ಪಂಚಾಯತಿಯವರು ಒಂದು ಕೋಣೆ ಕೊಟ್ಟರೆ ಚಿಕ್ಕದೊಂದು ಇತಿಹಾಸ ವಸ್ತುಸಂಗ್ರಹಾಲಯವನ್ನೇ ಮಾಡಬಹುದಲ್ಲವೇ ಎಂದು ಶಿಕ್ಷಕರು ಮಾತು ತೆಗೆದರು. ಪಂಚಾಯತಿಯ ವ್ಯವಹಾರ ಬಲ್ಲ ಹಿರಿಯರೊಬ್ಬರು ಕೂಡಲೇ, ‘ಬ್ಯಾಸಗಿಯೊಳಗ ನೀರಿಗೇ ರೊಕ್ಕ ಸಾಲೂದಿಲ್ಲರೀ, ಹಳೇ ಗಡಗಿ ಇಡಾಕ ಎಲ್ಲಿಂದ ತರೂಣು?’ ಎಂದರು. ಆ ಮಾತನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಏಪ್ರಿಲಿನಲ್ಲಿ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವ ತಾಯಿಗೆ ಚಾಲುಕ್ಯರ ಶಾಸನದಿಂದ ನೀರಡಿಕೆ ಹಿಂಗುವುದಿಲ್ಲ.

ಕಾನೂನೂ ಒಂದು ರೀತಿಯಲ್ಲಿ ಆ ಹಿರಿಯರ ಪಕ್ಷವೇ. 1964ರ ಕರ್ನಾಟಕದ ಪುರಸಭೆಗಳ ಅಧಿನಿಯಮವು ನೀರು, ದೀಪ, ಚರಂಡಿಗಳನ್ನು ಪುರಸಭೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿ, ಗ್ರಂಥಾಲಯ, ಉದ್ಯಾನ, ವಸ್ತುಸಂಗ್ರಹಾಲಯಗಳನ್ನು ಅದರ ವಿವೇಚನೆಗೆ ಬಿಟ್ಟಿದೆ. ಪಂಚಾಯತಿಗಳ ಸಂಗತಿಯೂ ಹೆಚ್ಚು ಬೇರೆಯಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯಿಂದ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಗ್ರಂಥಾಲಯಗಳು, ಸಾಂಸ್ಕೃತಿಕ ಚಟುವಟಿಕೆಗಳು ಪಂಚಾಯತಿಗೆ ವಹಿಸಬಹುದಾದ ವಿಷಯಗಳಾಗಿವೆ. ಮಾಡಲು ಅಡ್ಡಿಯಿಲ್ಲ, ಮಾಡದಿದ್ದರೆ ಕೇಳುವವರೂ ಇಲ್ಲ. ವಿವೇಚನೆಗೆ ಬಿಟ್ಟ ಕೆಲಸ ಎಂದೆಂದಿಗೂ ಪಟ್ಟಿಯ ಕೊನೆಯಲ್ಲಿಯೇ ಉಳಿಯುತ್ತದೆಂಬುದು ನಾವೆಲ್ಲ ಬಲ್ಲ ಮಾತು.

ಮತ್ತೊಬ್ಬರು, ‘ಕಲ್ಯಾಣ ಕರ್ನಾಟಕದ ಮಂಡಳಿಯಿಂದ ಕಟ್ಟಡಕ್ಕೆ ಹಣ ತರೋಣ’ ಎಂದರು. ನಮಗೆ ಸರಿಕಾಣದ ಮಾತು ಅದೊಂದೇ. ಕಟ್ಟಡ ಬಂದೀತು, ಶಿಲಾನ್ಯಾಸದ ಕಲ್ಲೂ ನಿಂತೀತು. ಮೂರನೆಯ ವರ್ಷ ಬೀಗದ ಕೈ ಯಾರ ಬಳಿ ಇದೆಯೆಂದು ಕೇಳಿದರೆ ಊರಿಗೆ ಊರೇ ಮುಖ ನೋಡಿಕೊಳ್ಳುವುದು. ಹಿಂದಿನವರ ದತ್ತಿಗಳನ್ನು ಓದಿದರೆ ಅವರು ಗುಡಿಯನ್ನಷ್ಟೇ ಕಟ್ಟಿಸಿ ಕೈತೊಳೆದುಕೊಂಡವರಲ್ಲ. ನಂದಾದೀಪಕ್ಕೆ ಗಾಣದ ಎಣ್ಣೆ, ಪೂಜಾರಿಗೆ ಹೊಲ, ಒಡೆದುದನ್ನು ಸರಿಪಡಿಸುವುದಕ್ಕೆ ಪ್ರತ್ಯೇಕ ಭೂಮಿ. ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಈ ಕಾರಣಕ್ಕೇ. ನಾಗಾವಿಯಲ್ಲಿ ಆರು ಮಂದಿ ಭಂಡಾರಿಗರಿದ್ದರೆಂಬ ಸಂಗತಿಯನ್ನು ನಾವು ಆ ಕಟ್ಟೆಯ ಮೇಲೆ ಹೇಳಿದೆವು. ಪಂಚಾಯತಿ ತೂಗಬೇಕಾದುದು ಕಟ್ಟಡದ ಖರ್ಚನ್ನಲ್ಲ, ವರ್ಷವರ್ಷವೂ ಬೇಕಾಗುವ ಅಲ್ಪ ಹಣವನ್ನು, ಬಾಗಿಲು ತೆರೆದು ಧೂಳು ಒರೆಸುವ ಒಬ್ಬ ಮನುಷ್ಯನನ್ನು. ಅದು ಬೇಸಿಗೆಯ ನೀರಿನ ಹಣವನ್ನು ನುಂಗುವಷ್ಟು ದೊಡ್ಡದಲ್ಲ. ಗ್ರಂಥಾಲಯವಿರುವ ಊರಿನಲ್ಲಿ ಅಲ್ಲಿಯೇ ಒಂದು ಗಾಜಿನ ಕಪಾಟು ಸಾಕು, ಮೊದಲ ಐದು ವರ್ಷಕ್ಕೆ.

ಹೊಸ ಮನೆಯ ಸೊಸೆ ಒಳಗಿನಿಂದಲೇ ಕೇಳಿದ ಪ್ರಶ್ನೆ ಇನ್ನೂ ಬಿಗಿಯಾಗಿತ್ತು. ‘ಕೊಟ್ಟಮ್ಯಾಲ ಅದು ನಮ್ಮದಾಗಿ ಉಳೀತದೇನು? ಸರಕಾರದವರು ಬಂದು ಒಯ್ದರೆ?’ ಆ ಭಯ ಎಷ್ಟೋ ಮನೆಗಳಲ್ಲಿದೆ, ಅದರಿಂದಲೇ ಗರಿಗಳು ಗೋಣಿಚೀಲದಲ್ಲಿ ಉಳಿದಿವೆ. ನಿಜಸಂಗತಿ ಹೀಗಿದೆ. 1972ರ ಪ್ರಾಚ್ಯವಸ್ತು ಕಾನೂನಿನಂತೆ ನೂರು ವರ್ಷ ದಾಟಿದ ಶಿಲ್ಪ, ಚಿತ್ರ ಮೊದಲಾದವು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಅವುಗಳಲ್ಲಿ ಸರಕಾರ ಹೆಸರಿಸಿದ ಬಗೆಯವನ್ನು ನೋಂದಾಯಿಸಬೇಕು. ನೋಂದಾಯಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಭೂಮಿಯಲ್ಲಿ ಸಿಕ್ಕಿದ್ದರ ಮಾತು ಬೇರೆ. ಅದನ್ನು ನಿಧಿ ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಊರಿನ ಸಂಗ್ರಹಕ್ಕೆ ವಸ್ತು ಕೊಡುವವರು ದಾನವಾಗಿ ಕೊಡಬೇಕೆಂದೇನೂ ಇಲ್ಲ. ಎರವಲೆಂದು ಬರೆಯಿಸಿ, ಮನೆತನದ ಹೆಸರು ಹಾಕಿಸಿ, ರಸೀದಿ ಪಡೆದು ಇಡಬಹುದು. ರಸೀದಿ ಕೊಡಲೊಪ್ಪದ ಸಂಗ್ರಹಕ್ಕೆ ಒಂದು ಚಮಚವನ್ನೂ ಕೊಡಬೇಡಿರೆಂದು ನಾವು ಸ್ಪಷ್ಟವಾಗಿಯೇ ಹೇಳಿದೆವು.

ಇಷ್ಟು ಬುದ್ಧಿ ಹೇಳುವ ನಾವೇನೂ ನಿರ್ದೋಷಿಗಳಲ್ಲ. ನಮ್ಮ ಮನೆಯ ಜಗುಲಿಯ ಮೇಲೆ ಅಜ್ಜನ ಕಾಲದಿಂದ ಪೂಜೆಗೊಳ್ಳುತ್ತಿದ್ದ ಒಂದು ಗರಿಯ ಕಟ್ಟಿತ್ತು. ಓದಲು ಬಲ್ಲವರು ಯಾರೂ ಉಳಿದಿರಲಿಲ್ಲ. ಮನೆಗೆ ಹೊಸ ನೆಲ ಹಾಕಿಸಿದ ವರ್ಷ, ಜೀರ್ಣವಾದುದನ್ನು ಮನೆಯಲ್ಲಿ ಇಡಬಾರದೆಂಬ ಯಾರದೋ ಮಾತು ಕೇಳಿ, ಅರಿಷಿಣ ಕುಂಕುಮ ಹಾಕಿ ಅದನ್ನು ಹೊಳೆಗೆ ಬಿಟ್ಟೆವು. ಬಿಡುವ ಮುನ್ನ ಒಂದು ಗರಿಯನ್ನಾದರೂ ಬೆಳಕಿಗೆ ಹಿಡಿದು ನೋಡಲಿಲ್ಲ. ಅದರಲ್ಲಿ ಏನಿತ್ತೋ, ಜಾತಕವಿತ್ತೋ, ವಚನವಿತ್ತೋ, ಇಂದು ಹೇಳುವಂತಿಲ್ಲ. ವಿಜಯಪುರದ ಫ. ಗು. ಹಳಕಟ್ಟಿಯವರು ಇಂಥ ಕಟ್ಟುಗಳಿಗಾಗಿ ಊರೂರು ಅಲೆದು, ಮನೆಮನೆಯ ಬಾಗಿಲು ತಟ್ಟಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅವರು ತಟ್ಟದೆ ಹೋದ ಬಾಗಿಲುಗಳಲ್ಲಿ ನಮ್ಮದೂ ಒಂದು.

ಆದ್ದರಿಂದ ಮನೆಯಲ್ಲಿ ಗರಿಗಳಿರುವ ತಾಯಂದಿರಿಗೆ ಎರಡು ಮಾತು. ಬಿಸಿಲಿಗೆ ಇಡಬೇಡಿರಿ, ನೀರಿನಿಂದ ಒರೆಸಬೇಡಿರಿ, ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿರಿ. ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಎರಡು ಮರದ ಹಲಗೆಗಳ ನಡುವೆ ಇಟ್ಟು, ಶುಭ್ರವಾದ ಹತ್ತಿಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಬಳಿಯಲ್ಲಿ ಬಜೆಯ ಬೇರಿನ ಗಂಟು ಇಡಿರಿ. ಅಕ್ಷರ ಮಾಸಿದ್ದರೆ ನೀವಾಗಿ ಮಸಿ ಎಣ್ಣೆ ಹಚ್ಚಲು ಹೋಗದೆ ಬಲ್ಲವರಿಗೆ ತೋರಿಸಿರಿ.

ಆ ರಾತ್ರಿ ಕಟ್ಟೆಯ ಮೇಲೆ ಯಾವ ತೀರ್ಮಾನವೂ ಆಗಲಿಲ್ಲ. ನೀರಿನ ಮಾತು ಹೇಳಿದ ಹಿರಿಯರು ಎದ್ದುಹೋಗುವಾಗ, ತಮ್ಮ ಮನೆಯಲ್ಲಿಯೂ ಜಹಗೀರಿನ ಕಾಲದ ಕಂದಾಯದ ಕಾಗದಗಳಿವೆ, ಉರ್ದು ಓದುವವರು ಸಿಕ್ಕರೆ ತೋರಿಸಬೇಕೆಂದು ಮೆಲ್ಲಗೆ ಹೇಳಿ ಹೋದರು. ಮರುದಿನ ಬೆಳಿಗ್ಗೆ ನಾವು ಹೊರಡುವ ಹೊತ್ತಿಗೆ ಶಿಕ್ಷಕರು ಮನೆಯ ಹುಡುಗಿಯೊಬ್ಬಳನ್ನು ಕೊಟ್ಟಿಗೆಯಲ್ಲಿ ಕುಳ್ಳಿರಿಸಿ, ನೂರು ಪುಟದ ಶಾಲೆಯ ನೋಟುಬುಕ್ಕಿನಲ್ಲಿ ಪಟ್ಟಿ ಬರೆಸುತ್ತಿದ್ದರು. ವಸ್ತುವಿನ ಹೆಸರು, ಉದ್ದಗಲ, ಯಾರ ಮನೆಯದು, ಯಾರು ಬಳಸುತ್ತಿದ್ದರು ಎಂದು ನಾಲ್ಕು ಗೆರೆ ಎಳೆದಿದ್ದಳು. ಬೀಸುವ ಕಲ್ಲಿನ ಮುಂದೆ ಮುತ್ತಜ್ಜಿಯ ಹೆಸರು ಬರೆಯಬೇಕಾಗಿ ಬಂದಾಗ ಅದು ಅವಳಿಗೆ ತಿಳಿದಿರಲಿಲ್ಲ. ಕೇಳಿಕೊಂಡು ಬರಲು ಒಳಗೆ ಓಡಿದಳು. ನಮ್ಮ ಬಸ್ಸು ಅಷ್ಟರಲ್ಲಿ ಬಂದಿತು.