ಸೈರನ್ನಿನ ಧ್ವನಿಯೂ ಸ್ವದೇಶಾಭಿಮಾನವೂ



ಶಾಲೆಯ ಅಭಿವೃದ್ಧಿಯನ್ನು ಕುರಿತು ಈ ಸಂಚಿಕೆಯಲ್ಲಿ ಎರಡು ಮಾತು ಬರೆಯುವದು ನಮ್ಮ ವಾಡಿಕೆ. ಈ ಸಾರೆ ನಮ್ಮಿಂದಲೇ ಆದ ಒಂದು ತಪ್ಪನ್ನು ಬರೆಯುತ್ತೇವೆ. ಅದು ಯುದ್ಧಕಾಲದಲ್ಲಿ ದೂರದರ್ಶನವು ನಮಗೆ ಉಣಬಡಿಸುವ ದೇಶಭಕ್ತಿಗೆ ಸಂಬಂಧಿಸಿದ್ದು.

ನಾವು ಬಾಲಕಿಯಾಗಿದ್ದಾಗ, 1988ರಲ್ಲಿ, ಚೇತನ್ ಆನಂದರ ‘ಪರಮವೀರ ಚಕ್ರ’ ಎಂಬ ಧಾರಾವಾಹಿಯು ಬರುತ್ತಿತ್ತು. ನೆರೆಯವರ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದ ನಮಗೆ ಹಿಂದಿಯು ಅಷ್ಟಾಗಿ ತಿಳಿಯದಿದ್ದರೂ ಕಣ್ಣು ತುಂಬುತ್ತಿತ್ತು. ಅವು ಮುಗಿದುಹೋದ ಯುದ್ಧಗಳ ಕಥೆಗಳು. 1999ರಲ್ಲಿ ಕಾರ್ಗಿಲ್ ಯುದ್ಧ ನಡೆದಾಗ ನಾವು ಶಿಕ್ಷಕಿಯರ ತರಬೇತಿಯ ವಸತಿಗೃಹದಲ್ಲಿದ್ದೆವು. ತೋಪುಗಳು ಬೆಂಕಿಯುಗುಳುವದನ್ನೂ, ತ್ರಿವರ್ಣ ಧ್ವಜ ಹೊದ್ದ ಶವಪೆಟ್ಟಿಗೆಗಳು ಊರು ಸೇರುವದನ್ನೂ ಒಂದೇ ಸಂಜೆಯಲ್ಲಿ ಕಂಡೆವು. ಆ ಯುದ್ಧದಲ್ಲಿ ನಮ್ಮ 527 ಯೋಧರು ಮಡಿದರು. ಆಗಿನ ಅಭಿಮಾನದೊಳಗೆ ದುಃಖವೂ ಬೆರೆತಿತ್ತು.

2025ರ ಮೇ ತಿಂಗಳಲ್ಲಿ ಕಂಡದ್ದು ಬೇರೆ. ಪಹಲ್ಗಾಮಿನ ಹತ್ಯೆಯ ತರುವಾಯ ಮೇ 7ರಂದು ನಮ್ಮ ಸೈನ್ಯವು ‘ಆಪರೇಷನ್ ಸಿಂಧೂರ’ವನ್ನು ಆರಂಭಿಸಿತು. ನಾಗರಿಕ ರಕ್ಷಣೆಯ ಅಣಕು ಅಭ್ಯಾಸಕ್ಕಾಗಿ ಕೇಂದ್ರ ಸರ್ಕಾರವು ಹೆಸರಿಸಿದ ಸ್ಥಳಗಳಲ್ಲಿ ನಮ್ಮ ರಾಯಚೂರೂ ಒಂದಾಗಿತ್ತು. ದೇವಸುಗೂರಿಗೆ ಹೊಂದಿಕೊಂಡೇ, ಕೃಷ್ಣೆಯ ದಡದಲ್ಲಿ, 1720 ಮೆಗಾವಾಟಿನ ವಿದ್ಯುತ್ ಕೇಂದ್ರವಿರುವದರಿಂದ ಹಿರಿಯರಿಗೂ ಅಂಜಿಕೆಯಾಯಿತು. ಮೇ 9ರಂದು ಐ.ಪಿ.ಎಲ್. ಕ್ರಿಕೆಟ್ ಪಂದ್ಯಗಳನ್ನು ಒಂದು ವಾರದ ಮಟ್ಟಿಗೆ ನಿಲ್ಲಿಸಿದರು. ಆಟವಿಲ್ಲದ ಸಂಜೆಗಳಲ್ಲಿ ಜನರು ವಾರ್ತೆಯನ್ನೇ ಆಟದಂತೆ ನೋಡಿದರು, ನಾವೂ ನೋಡಿದೆವು. ವಾರ್ತೆಯ ಹಿಂದೆ ನಾಟಕದ ಸಂಗೀತದಂತೆ ಸೈರನ್ ಕೂಗುತ್ತಿತ್ತು. ಜನತೆಯ ತಿಳುವಳಿಕೆಗಾಗಿ ಹೊರತು ಈ ಧ್ವನಿಯನ್ನು ಬಳಸಕೂಡದೆಂದು ನಾಗರಿಕ ರಕ್ಷಣಾ ಇಲಾಖೆಯು ಮೇ 10ರಂದು ವಾಹಿನಿಗಳನ್ನು ಕೇಳಿಕೊಳ್ಳಬೇಕಾಯಿತು. ಕೇಳಿ ಕೇಳಿ ರೂಢಿಯಾದರೆ, ನಿಜವಾದ ಸೈರನ್ನನ್ನೂ ಜನರು ಲಕ್ಷಿಸಲಾರರಷ್ಟೇ.

ಆ ಎಚ್ಚರಿಕೆಯನ್ನು ನಾವೂ ಓದಿದ್ದೆವು, ಆದರೂ ಮರೆತೆವು. ಸ್ವಾತಂತ್ರ್ಯೋತ್ಸವಕ್ಕಾಗಿ ನಮ್ಮ ಹುಡುಗಿಯರು ಯುದ್ಧದ ನಾಟಕವೊಂದನ್ನು ಕಲಿತರು. ಮೊಬೈಲಿನಿಂದ ಸೈರನ್ ಕೂಗಿಸಿ, ಕಟ್ಟಿಗೆಯ ಬಂದೂಕು ಹಿಡಿದು, ಶತ್ರುವನ್ನು ಮೂರು ನಿಮಿಷದಲ್ಲಿ ಸೋಲಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ದೇವಸುಗೂರಿನಿಂದ ಬರುವ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ಹೊರಗೆ ಹೋದಳು. ಅವಳ ತಂದೆಯು ಗಡಿಯಲ್ಲಿ ಸೈನಿಕರು. ಶಿಸ್ತು ಮೀರಿದಳೆಂದು ಗದರಿಸುವದಕ್ಕೇ ನಾವು ಹಿಂದೆ ಹೋದೆವು.

“ಮೇಡಂರೀ, ಟೀವ್ಯಾಗ ಸೈರನ್ ಕೂಗಿದಾಗೊಮ್ಮೆ ಅವ್ವ ಫೋನ್ ನೋಡತಿದ್ಳರೀ. ಅಪ್ಪನ ಫೋನ್ ಬರೋತನಕ ಉಣ್ಣಲಿಲ್ಲರೀ. ಕಡೀಗೆ ಟೀವೀನೇ ಬಂದ್ ಮಾಡಿಬಿಟ್ಳರೀ,” ಎಂದಳು.

ನಮಗೆ ಉತ್ತರ ತೋಚಲಿಲ್ಲ. ನಾವು ಹುರುಪಿನಿಂದ ನೋಡುತ್ತಿದ್ದ ಆ ರಾತ್ರಿಗಳಲ್ಲಿ, ನಾಲ್ಕು ಮೈಲಿಯೊಳಗೇ ಒಬ್ಬ ತಾಯಿಯು ಉಪವಾಸ ಕುಳಿತಿದ್ದಳು. ಅವಳನ್ನು ವಿಚಾರಿಸಬೇಕೆಂದು ನಮಗೆ ತೋರಿರಲಿಲ್ಲ.

ಮರುದಿನ ಹುಡುಗಿಯರೊಂದಿಗೆ ಕುಳಿತು ನಾಟಕವನ್ನು ಬದಲಿಸಿದೆವು. ಸೈರನ್ ಕೇಳಿದೊಡನೆ ದೀಪ ಆರಿಸುವದು, ಮುದುಕರನ್ನು ಕೈಹಿಡಿದು ಒಳಗೆ ಕರೆತರುವದು, ಗಾಯಕ್ಕೆ ಪಟ್ಟಿ ಕಟ್ಟುವದು, ಎರಡು ಕೋಲು ಒಂದು ಜಮಖಾನೆಯಿಂದ ಸ್ಟ್ರೆಚರ್ ಮಾಡುವದು, ಇಷ್ಟೇ ಅದರ ಕಥೆ. ಸೈರನ್ನಿನ ಬದಲು ಶಾಲೆಯ ಗಂಟೆಯನ್ನು ಬಾರಿಸಿದರು. ಬಾರಿಸಿದವಳು ಆ ಹುಡುಗಿಯೇ. ಚಪ್ಪಾಳೆಯು ಮೊದಲಿನಷ್ಟು ಬೀಳಲಿಲ್ಲ. ಆದರೆ ಅವಳ ತಾಯಿಯು ಕೊನೆಯವರೆಗೂ ಕುಳಿತು ನೋಡಿದಳು.

ಪಾಲಕರಲ್ಲಿ ನಮ್ಮದೊಂದು ಬಿನ್ನಹ. ವೀರಗಾಥೆಗಳನ್ನು ಮಕ್ಕಳಿಗೆ ತೋರಿಸಬಾರದೆಂದು ನಾವು ಹೇಳುವದಿಲ್ಲ. ಅವುಗಳನ್ನು ನೋಡಿಯೇ ನಾವೂ ಬೆಳೆದೆವು. ಆದರೆ ಇನ್ನೊಮ್ಮೆ ಅಂಥ ದಿನಗಳು ಬಂದರೆ, ಅರ್ಧ ಗಳಿಗೆ ದೂರದರ್ಶನವನ್ನು ಆರಿಸಿರಿ. ನಿಮ್ಮ ಓಣಿಯಲ್ಲಿ ಯಾರ ಮನೆಯವರು ಸೈನ್ಯದಲ್ಲಿದ್ದಾರೆಂದು ಮಕ್ಕಳನ್ನು ಕೇಳಿರಿ. ಅವರನ್ನು ಕರೆದುಕೊಂಡು ಆ ಮನೆಗೆ ಹೋಗಿ, ಸ್ವಲ್ಪ ಹೊತ್ತು ಕುಳಿತು ಬನ್ನಿರಿ.